ಒಂದರಿಂದ ಆರಕ್ಕೆ ಏರಿ ಇಳಿಯುವ ಸಂಖ್ಯೆ: ಪೆನ್ಸಿಲ್ ಹಿಡಿದು ಬಿಚ್ಚಿ ನೋಡುವ ಬಗೆ

12345654321. ಎಡದಿಂದ ಓದಿ, ಬಲದಿಂದ ಓದಿ, ಎರಡೂ ಒಂದೇ. ಗದಗ, ವಿಕಟಕವಿ ಇದ್ದ ಹಾಗೆ. ಒಂದರಿಂದ ಹೊರಟು ಆರರ ತನಕ ಮೆಟ್ಟಿಲು ಹತ್ತುತ್ತದೆ. ಅಲ್ಲಿಂದ ಒಂದೊಂದೇ ಮೆಟ್ಟಿಲು ಇಳಿದು ಮತ್ತೆ ಒಂದಕ್ಕೆ ಬಂದು ನಿಲ್ಲುತ್ತದೆ.

ಇದನ್ನು ಸಾವಿರದ ನೂರಕ್ಕೂ ಜಾಸ್ತಿ ವರ್ಷಗಳ ಹಿಂದೆಯೇ ನಮ್ಮ ನಾಡಿನ ದೊರೆಯೊಬ್ಬನ ಕಾಲದಲ್ಲಿ ಬರೆದಿಟ್ಟಿದ್ದಾರೆ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ಸುಮಾರು ಕ್ರಿ.ಶ. 850ರಲ್ಲಿ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದರು. ಅದರಲ್ಲಿ ಗುಣಾಕಾರದ ಲೆಕ್ಕಗಳ ಒಂದು ಗುಂಪಿದೆ. ಉತ್ತರಗಳು ಕೊರಳ ಹಾರದ ಹಾಗೆ ಎರಡೂ ಕಡೆ ಸಮನಾಗಿ ಬರುತ್ತವೆ. 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳು. 27994681ನ್ನು 441ರಿಂದ ಗುಣಿಸಿದರೆ ನಮ್ಮ ಈ ಸಂಖ್ಯೆ. ಇದನ್ನು ಅವರು ಮಾತಿನಲ್ಲಿ ಹೇಳುವ ರೀತಿಯೂ ಚೆಂದ: ಒಂದರಿಂದ ಶುರುವಾಗಿ ಆರರಲ್ಲಿ ಮುಗಿದು, ಆಮೇಲೆ ಕ್ರಮವಾಗಿ ಕಡಿಮೆಯಾಗುವುದು.

ಆ ಹಾರದ ದಾರ ಎಲ್ಲೆಲ್ಲಿ ಗಂಟು ಬಿದ್ದಿದೆ, ಅದನ್ನು ಬಿಚ್ಚುವುದು ಹೇಗೆ ಅಂತ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ. ಬೇಕಾಗಿರುವುದು ಚೌಕದ ಗೆರೆ ಇರುವ ಗಣಿತದ ನೋಟ್‌ಬುಕ್, ಪೆನ್ಸಿಲ್, ಮಗ್ಗಿ, ಮತ್ತೆ ಒಂದು ಗಂಟೆ ಬಿಡುವು. ಕ್ಯಾಲ್ಕುಲೇಟರ್ ಸದ್ಯಕ್ಕೆ ಪಕ್ಕಕ್ಕಿಡಿ. ಇದೇ ದಾರಿ ಬೇರೆ ಯಾವ ದೊಡ್ಡ ಸಂಖ್ಯೆಗೂ ಆಗುತ್ತದೆ. ಇದನ್ನೇ ಆರಿಸಿಕೊಂಡಿದ್ದು ಯಾಕೆಂದರೆ, ಇಷ್ಟು ಚೆನ್ನಾಗಿ ಬಾಯಿಬಿಡುವ ಸಂಖ್ಯೆಗಳು ಕಡಿಮೆ.

ಮೊದಲು ಬಾಯಿಬಿಟ್ಟು ಓದಿ

ಬಲಗಡೆಯಿಂದ ಮೂರು ಅಂಕಿ ಬಿಟ್ಟು ಒಂದು ಅಲ್ಪವಿರಾಮ ಹಾಕಿ. ಆಮೇಲೆ ಎರಡೆರಡು ಅಂಕಿಗೆ ಒಂದೊಂದು. 12,34,56,54,321 ಅಂತ ಆಗುತ್ತದೆ. ಈಗ ಓದಿ: ಒಂದು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಒಟ್ಟು 11 ಅಂಕಿ. ಮಹಾವೀರಾಚಾರ್ಯರು ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾರೆ. ಅವರ ಪಟ್ಟಿಯಲ್ಲಿ ಹನ್ನೊಂದನೆಯದು ಅರ್ಬುದ. ಅಂದರೆ ಎಡತುದಿಯ 1 ಕೂತಿರುವುದು ಅರ್ಬುದದ ಮನೆಯಲ್ಲಿ.

ಎಷ್ಟು ದೊಡ್ಡದು ಅಂತ ಅಂದಾಜು ಬೇಕಾ? ಸೆಕೆಂಡಿಗೆ ಒಂದರಂತೆ ಹಗಲೂ ರಾತ್ರಿ ನಿಲ್ಲಿಸದೆ ಎಣಿಸಿದರೆ 391 ವರ್ಷ, ಮೇಲೆ ಎರಡೂವರೆ ತಿಂಗಳು ಹಿಡಿಯುತ್ತದೆ. ಹಾಗಾಗಿ 2ರಿಂದ ಹೋಗುತ್ತಾ, 3ರಿಂದ ಹೋಗುತ್ತಾ, 4ರಿಂದ ಹೋಗುತ್ತಾ ಅಂತ ಸುಮ್ನೆ ಒಂದು ಕಡೆಯಿಂದ ಭಾಗಿಸುತ್ತಾ ಹೋಗುವುದು ದಾರಿಯಲ್ಲ. ಬರೀ ಅವಿಭಾಜ್ಯಗಳನ್ನು (1 ಮತ್ತು ತನ್ನಿಂದ ಮಾತ್ರ ಹೋಗುವ ಸಂಖ್ಯೆಗಳನ್ನು) ಮಾತ್ರ ಪರೀಕ್ಷಿಸಿದರೂ ಇಷ್ಟು ದೊಡ್ಡ ಸಂಖ್ಯೆಗೆ ಹತ್ತು ಸಾವಿರಕ್ಕೂ ಹೆಚ್ಚು ಭಾಗಾಕಾರ ಬೇಕಾಗಬಹುದು. ಖರ್ಚು ಕಡಿಮೆ ಇರುವ ಪ್ರಶ್ನೆಯನ್ನು ಮೊದಲು ಕೇಳಬೇಕು. ಈ ಕೆಲಸದಲ್ಲಿ ನಾನು ಕಲಿತ ದೊಡ್ಡ ಪಾಠ ಇದೇ.

ಕಣ್ಣಳತೆಯ ಪರೀಕ್ಷೆಗಳು

ಕೊನೆಯ ಅಂಕಿ 1. ಆದ್ದರಿಂದ 2ರಿಂದ ಹೋಗುವುದಿಲ್ಲ, 5ರಿಂದಲೂ ಹೋಗುವುದಿಲ್ಲ. ಇದಕ್ಕೆ ಅರ್ಧ ಸೆಕೆಂಡ್ ಸಾಕು.

ಅಂಕಿಗಳನ್ನೆಲ್ಲ ಕೂಡಿಸಿ. 1+2+3+4+5+6+5+4+3+2+1 = 36. 36 ಒಂಬತ್ತರ ಮಗ್ಗಿಯಲ್ಲಿದೆ, ಆದ್ದರಿಂದ ಸಂಖ್ಯೆಯೂ 9ರಿಂದ ಹೋಗುತ್ತದೆ. ಈ ಪರೀಕ್ಷೆ ಶಾಲೆಯಲ್ಲಿ ಎಲ್ಲರೂ ಕಲಿತದ್ದೇ, ಆದರೆ ಕಾರಣ ನೆನಪಿರುವುದಿಲ್ಲ. 10, 100, 1000, ಯಾವುದನ್ನು ಬೇಕಾದರೂ 9ರಿಂದ ಭಾಗಿಸಿ, ಶೇಷ 1 ಬರುತ್ತದೆ. ಹಾಗಾಗಿ 9ರ ಕಣ್ಣಿಗೆ ಸ್ಥಾನಬೆಲೆ ಕಾಣುವುದೇ ಇಲ್ಲ. ಕೋಟಿಯ ಮನೆಯ 4 ಆದರೂ ಅದಕ್ಕೆ ಬರೀ 4. ಈ ಕಾರಣವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಸ್ವಲ್ಪ ಹೊತ್ತಿಗೆ ಮತ್ತೆ ಬೇಕಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. 3ಕ್ಕೂ 9ಕ್ಕೂ ನಡೆಯುವ ಈ ಉಪಾಯ 27ಕ್ಕೆ ನಡೆಯುವುದಿಲ್ಲ. 1899ರ ಅಂಕಿಗಳ ಮೊತ್ತ 27, ಆದರೂ 1899 ಇಪ್ಪತ್ತೇಳರಿಂದ ಹೋಗುವುದಿಲ್ಲ. ಇನ್ನೊಂದು 3 ಅಡಗಿದೆಯಾ ಅಂತ ನೋಡಬೇಕಾದರೆ ಮೊದಲು 9ರಿಂದ ಭಾಗಿಸಿ, ಬಂದದ್ದನ್ನು ಮತ್ತೆ ಪರೀಕ್ಷಿಸಿ. ನಮ್ಮ ಸಂಖ್ಯೆಯನ್ನು 9ರಿಂದ ಭಾಗಿಸಿದರೆ 1371739369. ಅಂಕಿಗಳ ಮೊತ್ತ 49. ಇನ್ನು 3 ಇಲ್ಲ. ಸರಿಯಾಗಿ ಎರಡು 3ಗಳು, ಅಷ್ಟೇ.

ಇನ್ನೊಂದು ಸುಳಿವು ಕೊನೆಯ ಮೂರು ಅಂಕಿಗಳಲ್ಲಿದೆ. 321ನ್ನು 8ರಿಂದ ಭಾಗಿಸಿದರೆ ಶೇಷ 1. ಯಾವುದೇ ಬೆಸ ಸಂಖ್ಯೆಯ ವರ್ಗವನ್ನು 8ರಿಂದ ಭಾಗಿಸಿದರೂ ಶೇಷ 1 ಬರಬೇಕು. ಹಾಗಾದರೆ ಇದು ವರ್ಗ ಸಂಖ್ಯೆ ಇರಬಹುದಾ? ಇರಬಹುದು. 17ಕ್ಕೂ ಶೇಷ 1 ಬರುತ್ತದೆ, ಅದು ವರ್ಗವಲ್ಲ. ಆದ್ದರಿಂದ ಅನುಮಾನ ಅಂತ ಪುಸ್ತಕದ ಅಂಚಿನಲ್ಲಿ ಬರೆದಿಟ್ಟುಕೊಂಡು ಮುಂದೆ ಹೋಗಿ.

ಮೂರು ಮೂರಾಗಿ ಕತ್ತರಿಸಿ

ಈಗ ಲಕ್ಷ ಕೋಟಿಯ ಅಲ್ಪವಿರಾಮಗಳನ್ನು ಅಳಿಸಿ. ಬಲಗಡೆಯಿಂದ ಮೂರು ಮೂರು ಅಂಕಿಗೆ ಗೆರೆ ಎಳೆಯಿರಿ.

12 | 345 | 654 | 321

ಒಂದು ಬಿಟ್ಟು ಒಂದು ಗುಂಪನ್ನು ಕೂಡಿಸಿ. 321 ಮತ್ತು 345 ಸೇರಿದರೆ 666. ಉಳಿದ 654 ಮತ್ತು 12 ಸೇರಿದರೆ ಅದೂ 666. ಮೊದಲ ಸಲ ಇದನ್ನು ನೋಡಿದಾಗ ನನಗೆ ಮೈ ಜುಮ್ಮೆಂದಿತ್ತು. ಎರಡೂ ಮೊತ್ತ ಸಮ, ವ್ಯತ್ಯಾಸ ಸೊನ್ನೆ. ಅಂದರೆ ಈ ಸಂಖ್ಯೆ 1001ರಿಂದ ಶೇಷವಿಲ್ಲದೆ ಹೋಗುತ್ತದೆ.

ಯಾಕೆ? 1000 ಅನ್ನುವುದು 1001ಕ್ಕೆ ಒಂದು ಕಡಿಮೆ. ಅದಕ್ಕೇ 1001ರ ಲೆಕ್ಕದಲ್ಲಿ ಸಾವಿರದ ಗುಂಪು ಕಳೆಯುವ ಗುಂಪು, ಹತ್ತು ಲಕ್ಷದ ಗುಂಪು ಕೂಡುವ ಗುಂಪು, ಅದರ ಮುಂದಿನದು ಮತ್ತೆ ಕಳೆಯುವ ಗುಂಪು. ಒಂಬತ್ತರ ಪರೀಕ್ಷೆಯ ತಮ್ಮನೇ ಇದು, ಕೂಡುವ ಕಳೆಯುವ ಸರದಿ ಮಾತ್ರ ಸೇರಿಕೊಂಡಿದೆ.

1001 ಯಾಕೆ ಇಷ್ಟು ಮುಖ್ಯ ಅಂದರೆ 1001 = 7 × 11 × 13. ಒಂದೇ ಏಟಿಗೆ ಮೂರು ಅವಿಭಾಜ್ಯಗಳ ಪರೀಕ್ಷೆ ಮುಗಿಯಿತು. 7ರಿಂದ ಹೋಗುತ್ತದಾ ಅಂತ ನೋಡಲು ಬೇರೆ ಬೇರೆ ಉಪಾಯಗಳನ್ನು ಬಾಯಿಪಾಠ ಮಾಡುವವರಿದ್ದಾರೆ. ನನಗೆ ಈ ಒಂದೇ ಉಪಾಯ ಸಾಕಾಗಿದೆ. ವ್ಯತ್ಯಾಸ ಸೊನ್ನೆ ಬರದಿದ್ದರೂ ಪರವಾಗಿಲ್ಲ. ಆ ಚಿಕ್ಕ ವ್ಯತ್ಯಾಸವನ್ನು 7, 11, 13ರಿಂದ ಭಾಗಿಸಿ ನೋಡಿದರೆ ಆಯಿತು, ದೊಡ್ಡ ಸಂಖ್ಯೆಯನ್ನು ಮುಟ್ಟುವುದೇ ಬೇಡ.

ಅದೇ ಗುಂಪುಗಳನ್ನು ಕಳೆಯದೆ ಎಲ್ಲವನ್ನೂ ಕೂಡಿಸಿದರೆ 37ರ ಪರೀಕ್ಷೆ ಆಗುತ್ತದೆ, ಯಾಕೆಂದರೆ 999 = 27 × 37. ಕೂಡಿಸಿ: 12 + 345 + 654 + 321 = 1332. ಇದನ್ನೂ ಗುಂಪು ಮಾಡಿ, 1 + 332 = 333. ಅದು 37ರ ಒಂಬತ್ತರಷ್ಟು. ಆದ್ದರಿಂದ 37ರಿಂದಲೂ ಹೋಗುತ್ತದೆ.

ಒಂದು ಭಾಗಾಕಾರವನ್ನೂ ಮಾಡದೆ ನಮಗೀಗ 9, 7, 11, 13, 37 ಸಿಕ್ಕಿವೆ.

1001ರಿಂದ ಭಾಗಿಸುವ ಸುಲಭದ ದಾರಿ

ಇಲ್ಲಿ ನಿಧಾನ ಮಾಡಿ. ಮಾಮೂಲಿ ಭಾಗಾಕಾರವನ್ನು ಎಡದಿಂದ ಮಾಡುತ್ತೇವೆ. ಇದನ್ನು ಬಲದಿಂದ ಮಾಡಿ. ಶೇಷ ಬರುವುದಿಲ್ಲ ಅಂತ ಗೊತ್ತಿದ್ದರೆ ಮಾತ್ರ ಈ ದಾರಿ. ನಮಗೆ ಅದು ಆಗಲೇ ಗೊತ್ತಾಗಿದೆ.

ಉತ್ತರದ ಬಲತುದಿಯ ಗುಂಪು ಸಂಖ್ಯೆಯ ಬಲತುದಿಯ ಗುಂಪೇ: 321. ಬರೆಯಿರಿ. ಮುಂದಿನ ಗುಂಪು 654. ಅದರಿಂದ ಈಗ ಬರೆದ 321ನ್ನು ಕಳೆಯಿರಿ, 333. ಅದನ್ನು ಎಡಕ್ಕೆ ಬರೆಯಿರಿ. ಮುಂದಿನ ಗುಂಪು 345. ಅದರಿಂದ 333 ಕಳೆದರೆ 12. ಬರೆಯಿರಿ. ಕೊನೆಯ ಗುಂಪು 12. ಅದರಿಂದ 12 ಕಳೆದರೆ ಸೊನ್ನೆ. ಮುಗಿಯಿತು. ಉತ್ತರ 12 | 333 | 321.

ಮೂರು ವ್ಯವಕಲನದಲ್ಲಿ ಹನ್ನೊಂದು ಅಂಕಿಯ ಭಾಗಾಕಾರ! ಕಾರಣವೂ ಸುಲಭ. ಒಂದು ಸಂಖ್ಯೆಯನ್ನು 1001ರಿಂದ ಗುಣಿಸುವುದು ಅಂದರೆ ಆ ಸಂಖ್ಯೆಯನ್ನೇ ಮೂರು ಮನೆ ಎಡಕ್ಕೆ ಸರಿಸಿ ಅದಕ್ಕೇ ಕೂಡಿಸುವುದು. ನಾವು ಆ ಕೂಡಿಸಿದ್ದನ್ನು ಬಲಗಡೆಯಿಂದ ಬಿಡಿಸಿಕೊಂಡು ಬಂದೆವು, ಅಷ್ಟೇ. ಬೇರೆ ಸಂಖ್ಯೆಗಳಲ್ಲಿ ಮೇಲಿನ ಗುಂಪು ಚಿಕ್ಕದಾಗಿದ್ದರೆ ಪಕ್ಕದ ಗುಂಪಿನಿಂದ ಒಂದು ಸಾಲ ತರಬೇಕಾಗುತ್ತದೆ. ಸಾಲ ತಂದದ್ದನ್ನು ಮರೆಯಬೇಡಿ. ನಾನು ಎಡವಿರುವುದು ಹೆಚ್ಚಾಗಿ ಅಲ್ಲೇ.

ಬಂದ ಉತ್ತರವನ್ನು ಸುಮ್ನೆ ಬಿಡಬೇಡಿ, ಅದಕ್ಕೂ ಅದೇ ಪರೀಕ್ಷೆ ಹಾಕಿ. 12 | 333 | 321. 321 ಮತ್ತು 12 ಸೇರಿದರೆ 333. ನಡುವಿನದೂ 333. ಮತ್ತೆ ಸೊನ್ನೆ! ಹಾಗಾದರೆ ಇನ್ನೊಂದು ಸಲ 1001ರಿಂದ ಭಾಗಿಸಿ. ಬಲತುದಿ 321. 333ರಿಂದ 321 ಕಳೆದರೆ 12. ಉತ್ತರ 12 | 321, ಅಂದರೆ 12321.

ಈಗ ಆ 12321ನ್ನು ನೋಡಿ. ಆರರ ತನಕ ಏರುವ ಮೆಟ್ಟಿಲಿನ ಒಳಗಿಂದ ಮೂರರ ತನಕ ಏರುವ ಚಿಕ್ಕ ಮೆಟ್ಟಿಲು ಹೊರಗೆ ಬಂತು. 11ರ ವರ್ಗ 121, 111ರ ವರ್ಗ 12321. 111 ಅಂದರೆ 3 × 37. ಎಲ್ಲವನ್ನೂ ಒಂದು ಸಾಲಿನಲ್ಲಿ ಬರೆಯಿರಿ:

12345654321 = 1001 × 1001 × 111 × 111

ಇನ್ನೂ ಬಿಡಿಸಿದರೆ 3, 7, 11, 13, 37 ಈ ಐದು ಅವಿಭಾಜ್ಯಗಳು, ಪ್ರತಿಯೊಂದೂ ಎರಡೆರಡು ಸಲ. ಎಲ್ಲವೂ ಜೋಡಿ ಜೋಡಿ. ಅಂಚಿನಲ್ಲಿ ಬರೆದಿದ್ದ ಅನುಮಾನ ನಿಜವಾಯಿತು, ಇದು ವರ್ಗ ಸಂಖ್ಯೆ. ವರ್ಗಮೂಲ 1001 × 111 = 111111.

ಮೆಟ್ಟಿಲು ಹುಟ್ಟುವುದು ಹೇಗೆ

ಆರು ಒಂದುಗಳನ್ನು ಆರು ಒಂದುಗಳಿಂದ ಗುಣಿಸಿದರೆ ಮೆಟ್ಟಿಲು ಯಾಕೆ ಬರುತ್ತದೆ? ಚೌಕದ ಪುಸ್ತಕ ಇದಕ್ಕೇ ಬೇಕಿತ್ತು. 111111ನ್ನು ಒಂದು ಸಾಲಿನಲ್ಲಿ ಬರೆಯಿರಿ, ಒಂದು ಚೌಕಕ್ಕೆ ಒಂದು ಅಂಕಿ. ಕೆಳಗಿನ ಸಾಲಿನಲ್ಲಿ ಅದನ್ನೇ ಒಂದು ಚೌಕ ಎಡಕ್ಕೆ ಸರಿಸಿ ಬರೆಯಿರಿ. ಹೀಗೆ ಆರು ಸಾಲು. ಓರೆಯಾದ ಒಂದು ಪಟ್ಟಿ ಸಿಗುತ್ತದೆ. ಈಗ ಮೇಲಿಂದ ಕೆಳಕ್ಕೆ ಪ್ರತಿ ಕಂಬದಲ್ಲಿ ಎಷ್ಟು ಒಂದುಗಳಿವೆ ಎಣಿಸಿ. ಬಲತುದಿಯಲ್ಲಿ ಒಂದು, ಅದರ ಪಕ್ಕ ಎರಡು, ಆಮೇಲೆ ಮೂರು, ನಡುವಿನ ಕಂಬದಲ್ಲಿ ಆರು, ಮತ್ತೆ ಐದು, ನಾಲ್ಕು, ಎಡತುದಿಯಲ್ಲಿ ಒಂದು.

ಯಾವ ಕಂಬದಲ್ಲೂ ಹತ್ತು ಆಗಲಿಲ್ಲ, ಆದ್ದರಿಂದ ದಶಕ ಪಕ್ಕಕ್ಕೆ ಹೋಗಲಿಲ್ಲ. ಚೆಂದ ಉಳಿದದ್ದು ಅದಕ್ಕೇ. ಅಂಕಿಗಳ ಮೊತ್ತ 36 ಬಂದದ್ದೂ ಅದಕ್ಕೇ: ಪುಸ್ತಕದಲ್ಲಿ ನೀವು ಬರೆದ ಒಂದುಗಳು ಆರು ಸಾಲು, ಸಾಲಿಗೆ ಆರು. ಒಂಬತ್ತು ಒಂದುಗಳ ತನಕ ಇದು ಕೆಡುವುದಿಲ್ಲ, ವರ್ಗ 12345678987654321. ಹತ್ತು ಒಂದುಗಳಾದರೆ ನಡುವಿನ ಕಂಬ ಹತ್ತಕ್ಕೆ ಮುಟ್ಟುತ್ತದೆ, ದಶಕ ಪಕ್ಕಕ್ಕೆ ನುಗ್ಗುತ್ತದೆ, ವರ್ಗ 1234567900987654321 ಆಗುತ್ತದೆ. ಮೆಟ್ಟಿಲು ಮುರಿಯಿತು.

ಹಾರಗಳನ್ನು ಎಣಿಸಿ

ಈ ಸಂಖ್ಯೆಗೆ ಒಟ್ಟು ಎಷ್ಟು ಭಾಜಕಗಳಿವೆ? ಬುಟ್ಟಿಯಲ್ಲಿ ಐದು ಬಗೆಯ ಹೂವಿದೆ ಅಂದುಕೊಳ್ಳಿ: ಮಲ್ಲಿಗೆ, ಕನಕಾಂಬರ, ಸೇವಂತಿಗೆ, ಗುಲಾಬಿ, ಸಂಪಿಗೆ. ಪ್ರತಿಯೊಂದರಲ್ಲೂ ಎರಡೆರಡು. ಬೇಕಾದಷ್ಟು ಆರಿಸಿಕೊಳ್ಳಿ. ಮಲ್ಲಿಗೆಯಲ್ಲಿ ಏನೂ ಬೇಡ, ಒಂದು ಸಾಕು, ಎರಡೂ ಇರಲಿ, ಹೀಗೆ ಮೂರು ಆಯ್ಕೆ. ಪ್ರತಿ ಹೂವಿಗೂ ಮೂರು. 3 × 3 × 3 × 3 × 3 = 243. ಏನೂ ಆರಿಸದಿದ್ದರೆ ಭಾಜಕ 1, ಎಲ್ಲವನ್ನೂ ಆರಿಸಿದರೆ ಪೂರ್ತಿ ಸಂಖ್ಯೆ.

243 ಬೆಸ ಸಂಖ್ಯೆ. ಭಾಜಕಗಳು ಯಾವಾಗಲೂ ಜೋಡಿಯಾಗಿ ಬರುತ್ತವೆ, ಒಂದಕ್ಕೆ ಇನ್ನೊಂದು ಜೊತೆ. ಇಲ್ಲಿ 121 ಜೋಡಿ ಆದಮೇಲೆ 111111 ಒಂಟಿ ಉಳಿಯುತ್ತದೆ, ಅದಕ್ಕೆ ಅದೇ ಜೊತೆ. ಒಟ್ಟಿನಲ್ಲಿ ಈ ಸಂಖ್ಯೆಯನ್ನು ಎರಡರ ಗುಣಲಬ್ಧವಾಗಿ 122 ಬಗೆಯಲ್ಲಿ ಬರೆಯಬಹುದು.

ಈಗ ಮಹಾವೀರಾಚಾರ್ಯರ 441ಕ್ಕೆ ವಾಪಸ್ ಬನ್ನಿ. 441 = 21ರ ವರ್ಗ, ಅಂದರೆ 3 ಮತ್ತು 7ರ ಜೋಡಿಗಳು ಪೂರ್ತಿ ಒಂದು ಕಡೆ. ಉಳಿದ 11, 13, 37ರ ಜೋಡಿಗಳು ಇನ್ನೊಂದು ಕಡೆ. 11 × 13 × 37 = 5291, ಅದರ ವರ್ಗ 27994681. ಎರಡೂ ವರ್ಗಗಳು, ಎರಡರ ನಡುವೆ ಹಂಚಿಕೊಂಡ ಅವಿಭಾಜ್ಯ ಒಂದೂ ಇಲ್ಲ. 122 ಬಗೆಗಳಲ್ಲಿ ಹೀಗಿರುವುದು 16 ಮಾತ್ರ, ಒಂದನ್ನೂ ಪೂರ್ತಿ ಸಂಖ್ಯೆಯನ್ನೂ ಜೊತೆ ಮಾಡಿದ್ದು ಸೇರಿ. 27994681ನ್ನು ಸುಮ್ನೆ ನೋಡಿದರೆ ಏನೂ ಸುಳಿವು ಸಿಗುವುದಿಲ್ಲ, ಅಲ್ವಾ? ಗುಣಿಸಿ ಮುಗಿಸಿದ ಮೇಲೆ ಹಾರ ಹೊಳೆಯುತ್ತದೆ. ಲೆಕ್ಕ ಕೊಡುವವರ ಪ್ರೀತಿ ಅಲ್ಲಿದೆ.

ಉಳಿದವನ್ನು ನೀವೇ ಹುಡುಕಿ. ನನಗೆ ಬಹಳ ಇಷ್ಟವಾದ ಎರಡನ್ನು ಹೇಳುತ್ತೇನೆ. 121 × 102030201. ಇನ್ನೊಂದು 12321 × 1002001. ಎರಡರಲ್ಲೂ ಗುಣಿಸುವ ಸಂಖ್ಯೆಗಳೂ ಹಾರ, ಉತ್ತರವೂ ಹಾರ.

ಭಾಜಕಗಳನ್ನು ಕೂಡಿಸಿದರೆ

ಒಂದು ಸಂಖ್ಯೆಯನ್ನು ಬಿಟ್ಟು ಅದರ ಉಳಿದ ಭಾಜಕಗಳನ್ನೆಲ್ಲ ಕೂಡಿಸಿ. ಮೊತ್ತ ಸಂಖ್ಯೆಗೆ ಸಮನಾದರೆ ಅದು ಪರಿಪೂರ್ಣ ಸಂಖ್ಯೆ. 6 ಹಾಗಿದೆ, 1 + 2 + 3 = 6. 28ಕ್ಕೂ ಹಾಗೇ. ನಮ್ಮ ಸಂಖ್ಯೆ ಹೇಗೆ?

243 ಭಾಜಕಗಳನ್ನು ಬರೆದು ಕೂಡಿಸುವುದು ಬೇಡ. ಪ್ರತಿ ಅವಿಭಾಜ್ಯಕ್ಕೆ 1, ಅದು, ಅದರ ವರ್ಗ, ಈ ಮೂರನ್ನು ಕೂಡಿಸಿ. 3ಕ್ಕೆ 1 + 3 + 9 = 13. 7ಕ್ಕೆ 57. 11ಕ್ಕೆ 133. 13ಕ್ಕೆ 183. 37ಕ್ಕೆ 1407. ಈ ಐದನ್ನು ಗುಣಿಸಿದರೆ ಎಲ್ಲ ಭಾಜಕಗಳ ಮೊತ್ತ ಸಿಗುತ್ತದೆ. ಹೂವಿನ ಲೆಕ್ಕವೇ ಇದು, ಎಣಿಸುವ ಬದಲು ತೂಗಿದ ಹಾಗೆ.

ಒಮ್ಮೆಗೇ ಗುಣಿಸಬೇಡಿ, 37ನ್ನು ಕೊನೆಗೆ ಇಟ್ಟುಕೊಳ್ಳಿ. 13 × 57 = 741. 741 × 133 = 98553. 98553 × 183 = 18035199. ಇಲ್ಲಿ ನಿಲ್ಲಿ. ಇಷ್ಟರ ತನಕ ಬಳಸಿದ್ದು 3, 7, 11, 13. ಅವುಗಳ ಗುಣಲಬ್ಧ 3003, ವರ್ಗ 9018009. ಪರಿಪೂರ್ಣ ಆಗಬೇಕಾದರೆ ಎಲ್ಲ ಭಾಜಕಗಳ ಮೊತ್ತ ಸಂಖ್ಯೆಯ ಎರಡರಷ್ಟು, ಅಂದರೆ 18036018 ಇರಬೇಕಿತ್ತು. ನಮಗೆ ಬಂದದ್ದು 18035199. ಕೊರತೆ ಬರೀ 819. ಒಂದು ಕೋಟಿ ಎಂಬತ್ತು ಲಕ್ಷದ ಲೆಕ್ಕದಲ್ಲಿ 819!

ಈ ಕೊರತೆಯನ್ನು ಇನ್ನೊಬ್ಬರು ಕೂಡ ಹಿಡಿದುಕೊಂಡಿದ್ದರು. ಫ್ರಾನ್ಸಿನ ಗಣಿತಜ್ಞ ರೆನೆ ಡೆಕಾರ್ಟ್, 1638ರಲ್ಲಿ. 18035199 = 819 × 22021, ಮತ್ತು 18036018 = 819 × 22022. ಅಂದರೆ 9018009ಕ್ಕೆ 22021ನ್ನು ಗುಣಿಸಿ, ಆ 22021 ಅವಿಭಾಜ್ಯ ಅಂತ ಭಾವಿಸಿದರೆ, ಬರುವ 198585576189 ಸರಿಯಾಗಿ ಪರಿಪೂರ್ಣ ಸಂಖ್ಯೆ, ಅದೂ ಬೆಸ ಸಂಖ್ಯೆ! ಬೆಸ ಪರಿಪೂರ್ಣ ಸಂಖ್ಯೆ ಒಂದಾದರೂ ಇದೆಯಾ ಅನ್ನುವುದು ಇವತ್ತಿಗೂ ಬಗೆಹರಿಯದ ಪ್ರಶ್ನೆ. ಆದರೆ 22021 = 19 × 19 × 61. ಅವಿಭಾಜ್ಯವಲ್ಲ. ಡೆಕಾರ್ಟ್ ಅದನ್ನು ತಿಳಿದೇ ‘ಅವಿಭಾಜ್ಯ ಆಗಿದ್ದರೆ’ ಅಂತ ಹೇಳಿದ್ದು. ಗಣಿತದವರು ಈಗಲೂ ಆ 198585576189ನ್ನು ಡೆಕಾರ್ಟ್ ಸಂಖ್ಯೆ ಅಂತಲೇ ಕರೆಯುತ್ತಾರೆ. ಮಳಖೇಡದ ದೊರೆ ಅಮೋಘವರ್ಷನ ಕಾಲದ ಹಾರದಲ್ಲೂ, ಎಂಟು ಶತಮಾನದ ನಂತರ ಫ್ರಾನ್ಸಿನವನ ಲೆಕ್ಕದಲ್ಲೂ ಅದೇ 3003ರ ವರ್ಗ ಕೂತಿದೆ. ಒಬ್ಬರಿಂದ ಇನ್ನೊಬ್ಬರಿಗೆ ಹೋದದ್ದಲ್ಲ. 3, 7, 11, 13 ಸೇರಿದ ಕಡೆ ಇಂಥದ್ದು ನಡೆಯುತ್ತದೆ.

ಈಗ 37ನ್ನು ಸೇರಿಸಿ. 18035199 × 1407 = 25375524993. ನಮ್ಮ ಸಂಖ್ಯೆಯ ಎರಡರಷ್ಟು 24691308642. ಈ ಸಲ ಕೊರತೆ ಇಲ್ಲ, ಮೀರಿಯೇ ಹೋಗಿದೆ. ತನ್ನನ್ನು ಬಿಟ್ಟು ಉಳಿದ 242 ಭಾಜಕಗಳ ಮೊತ್ತ 13029870672, ಸಂಖ್ಯೆಗಿಂತ ದೊಡ್ಡದು. ಸಮ ಸಂಖ್ಯೆಗಳಲ್ಲಿ ಹೀಗೆ ಮೀರುವವು 12, 18, 20 ಅಂತ ಬೇಗ ಬೇಗ ಸಿಗುತ್ತವೆ. ಬೆಸ ಸಂಖ್ಯೆಗಳಲ್ಲಿ ಮೊದಲನೆಯದು ಸಿಗಬೇಕಾದರೆ 945ರ ತನಕ ಕಾಯಬೇಕು. ನಮ್ಮದು ಆ ಅಪರೂಪದ ಗುಂಪಿಗೆ ಸೇರಿದ್ದು, 37ರ ಒಂದು ತಳ್ಳಿನಿಂದ.

ಯಂತ್ರದಲ್ಲಿ ತಾಳೆ ನೋಡುವಾಗ

ಎಲ್ಲ ಮುಗಿದ ಮೇಲೆ ತಾಳೆ ನೋಡಬೇಕು. ಅಂಗಡಿಗಳಲ್ಲಿರುವ 12 ಅಂಕಿಯ ಕ್ಯಾಲ್ಕುಲೇಟರ್‌ನಲ್ಲಿ 12345654321 ಹಿಡಿಯುತ್ತದೆ. ಕಂಪ್ಯೂಟರ್‌ನಲ್ಲಿ ಎಕ್ಸೆಲ್ ತೆರೆದರೆ ಒಂದು ವಿಷಯ ನೆನಪಿಡಿ: ಅದು 15 ಅಂಕಿಗಳನ್ನು ಮಾತ್ರ ಸರಿಯಾಗಿ ಇಟ್ಟುಕೊಳ್ಳುತ್ತದೆ. ಒಂಬತ್ತು ಒಂದುಗಳ ವರ್ಗ 17 ಅಂಕಿಯದು. ಅಲ್ಲಿ ಕೊನೆಯ 321ರ ಜಾಗದಲ್ಲಿ 300 ಕಾಣುತ್ತದೆ. ತಪ್ಪು ಅಂತ ಅದೇನೂ ಹೇಳುವುದಿಲ್ಲ. ಅಂಥ ಕಡೆ ನಿಮ್ಮ ಕೈಬರಹದ ಲೆಕ್ಕವನ್ನೇ ನಂಬಿ, 9ರ ಶೇಷ ಮತ್ತು 1001ರ ಗುಂಪುಗಳಿಂದ ತಾಳೆ ನೋಡಿ. ಅಂಕಿ ಅದಲುಬದಲಾಗಿದ್ದರೆ 9ರ ಪರೀಕ್ಷೆಗೆ ಗೊತ್ತಾಗುವುದಿಲ್ಲ. ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ 1001ರ ಪರೀಕ್ಷೆ ಹಿಡಿದುಬಿಡುತ್ತದೆ. ಎರಡನ್ನೂ ಮಾಡಿ.

ಮುಂದಿನ ಮೆಟ್ಟಿಲು: 1234567654321

ಕೈ ಪಳಗಿದ ಮೇಲೆ ಏಳರ ತನಕ ಏರುವ ಅಣ್ಣನನ್ನು ಹಿಡಿಯಿರಿ. ಇದು ಏಳು ಒಂದುಗಳ ವರ್ಗ. ನೋಡಲು ಅದೇ ಮನೆತನ, ಸ್ವಭಾವ ಪೂರ್ತಿ ಬೇರೆ. ಅಂಕಿಗಳ ಮೊತ್ತ 49, ಆದ್ದರಿಂದ 3 ಇಲ್ಲ. ಗುಂಪು ಮಾಡಿ: 1 | 234 | 567 | 654 | 321. ಒಂದು ಕಡೆ 321 + 567 + 1 = 889, ಇನ್ನೊಂದು ಕಡೆ 654 + 234 = 888. ವ್ಯತ್ಯಾಸ 1. ಹಾಗಾಗಿ 7, 11, 13 ಮೂರೂ ಇಲ್ಲ. ನಮ್ಮ ಅಗ್ಗದ ಪ್ರಶ್ನೆಗಳಿಗೆಲ್ಲ ಇಲ್ಲ ಅನ್ನುತ್ತದೆ.

ಇಲ್ಲಿ ಬೇರೆ ಬೀಗದ ಕೈ ಬೇಕು. 1ನ್ನು 7ರಿಂದ ಭಾಗಿಸಿದರೆ 0.142857 142857 ಅಂತ ಆರು ಅಂಕಿ ಮರುಕಳಿಸುತ್ತವೆ. 13ರಿಂದ ಭಾಗಿಸಿದರೂ ಆರು, 0.076923. 37ಕ್ಕೆ ಮೂರು, 0.027. 11ಕ್ಕೆ ಎರಡು, 0.09. 3ಕ್ಕೆ ಒಂದೇ, 0.3. ಈ ಉದ್ದಗಳೆಲ್ಲ 6ನ್ನು ಭಾಗಿಸುತ್ತವೆ. 3 ಬಿಟ್ಟು ಉಳಿದ ನಾಲ್ಕೂ ಅವಿಭಾಜ್ಯಗಳು ಆರು ಒಂದುಗಳ ಒಳಗೆ ಬಂದು ಕೂತಿರುವುದು ಅದಕ್ಕೇ. 3 ಮಾತ್ರ ಅಂಕಿಗಳ ಮೊತ್ತದ ದಾರಿಯಲ್ಲಿ ಬಂದದ್ದು. ಇನ್ನೊಂದು ವಿಷಯ ಗಮನಿಸಿ: ಮರುಕಳಿಸುವ ಉದ್ದ ಯಾವಾಗಲೂ ಆ ಅವಿಭಾಜ್ಯಕ್ಕಿಂತ ಒಂದು ಕಡಿಮೆ ಇರುವ ಸಂಖ್ಯೆಯನ್ನು ಭಾಗಿಸುತ್ತದೆ. 13ಕ್ಕೆ ಉದ್ದ 6, ಅದು 12ನ್ನು ಭಾಗಿಸುತ್ತದೆ. 37ಕ್ಕೆ 3, ಅದು 36ನ್ನು. ಇದು 1640ರಲ್ಲಿ ಫ್ರಾನ್ಸಿನ ಗಣಿತಜ್ಞ ಪಿಯರ್ ಫರ್ಮಾ ಒಂದು ಪತ್ರದಲ್ಲಿ ತಿಳಿಸಿದ ನಿಯಮದ ಫಲ.

ಈಗ 1111111ಕ್ಕೆ ಹಚ್ಚಿ. ಅದನ್ನು ಭಾಗಿಸುವ ಅವಿಭಾಜ್ಯಕ್ಕೆ ಮರುಕಳಿಸುವ ಉದ್ದ 7 ಇರಲೇಬೇಕು. ಆದ್ದರಿಂದ ಅದರಿಂದ 1 ಕಳೆದರೆ 7ರ ಮಗ್ಗಿಯಲ್ಲಿ ಸಿಗಬೇಕು. ಅದು ಬೆಸ ಸಂಖ್ಯೆ, 1 ಕಳೆದರೆ ಸಮ ಸಂಖ್ಯೆ. ಹಾಗಾಗಿ 14ರ ಮಗ್ಗಿ. 14ರ ಮಗ್ಗಿಗೆ ಒಂದೊಂದು ಸೇರಿಸಿ ಅವಿಭಾಜ್ಯಗಳನ್ನು ಮಾತ್ರ ಉಳಿಸಿಕೊಳ್ಳಿ: 29, 43, 71, 113, 127, 197, 211, 239. ಒಂದೊಂದಾಗಿ 1111111ನ್ನು ಭಾಗಿಸಿ ನೋಡಿ. ಮೊದಲ ಏಳಕ್ಕೆ ಶೇಷಗಳು 5, 34, 32, 95, 115, 31, 196. ಎಂಟನೆಯದಕ್ಕೆ ಸೊನ್ನೆ.

1111111 = 239 × 4649

4649 ಇನ್ನೂ ಒಡೆಯುತ್ತದಾ? ಒಡೆಯುವುದಾದರೆ ಅದರ ವರ್ಗಮೂಲದ ಒಳಗೆ, ಅಂದರೆ 68ರ ಒಳಗೆ ಒಂದು ಅವಿಭಾಜ್ಯ ಸಿಗಬೇಕು. ನಮ್ಮ ಪಟ್ಟಿಯಲ್ಲಿ ಅಲ್ಲಿರುವುದು 29 ಮತ್ತು 43. ಎರಡೂ ಆಗಲೇ ಸೋತಿವೆ. ಹಾಗಾಗಿ 4649 ಅವಿಭಾಜ್ಯ. ಆರರ ತನಕ ಏರಿದ ತಮ್ಮನಿಗೆ 243 ಭಾಜಕಗಳಿದ್ದವು, ನೂರರಷ್ಟು ದೊಡ್ಡವನಾದ ಅಣ್ಣನಿಗೆ ಬರೀ 9. ಪುಸ್ತಕದ ಕೊನೆಯಲ್ಲಿ ಜಾಗ ಉಳಿದಿದ್ದರೆ 1ನ್ನು 239ರಿಂದ ದಶಾಂಶದಲ್ಲಿ ಭಾಗಿಸುತ್ತಾ ಹೋಗಿ. 0.0041841 0041841 0041841 ಅಂತ ಬರುತ್ತದೆ, ಏಳೇಳು ಅಂಕಿ.